ಬ್ರಿನ್ ಮಾರ್‌ನ ನೆಲಗಲ್ಲಿನ ಕೆಳಗೆ ಒಬ್ಬ ಗಣಿತಜ್ಞೆ

ಫಿಲಡೆಲ್ಫಿಯಾ ನಗರದಿಂದ ಪಶ್ಚಿಮಕ್ಕೆ ಹೊರಡುವ ಉಪನಗರ ರೈಲಿನಲ್ಲಿ ಅರ್ಧ ಗಂಟೆ ಕಳೆಯುವುದರೊಳಗೆ ಬ್ರಿನ್ ಮಾರ್ ಎಂಬ ಪುಟ್ಟ ನಿಲ್ದಾಣ ಬರುತ್ತದೆ. ಅಲ್ಲಿಂದ ಕೆಲವು ನಿಮಿಷ ನಡೆದರೆ ಅದೇ ಹೆಸರಿನ ಮಹಿಳಾ ಕಾಲೇಜು. ಅದರ ಹಳೆಯ ಗ್ರಂಥಾಲಯದ ನಡುವೆ ಆಕಾಶಕ್ಕೆ ತೆರೆದ ಅಂಗಳವಿದೆ. ಸುತ್ತಲೂ ಕಲ್ಲಿನ ಕಮಾನುಗಳ ಪಡಸಾಲೆ. ತೊಟ್ಟಿಮನೆಯಲ್ಲಿ ಬಾಲ್ಯ ಕಳೆದ ನನ್ನಂಥವರಿಗೆ ಅಲ್ಲಿ ಕಾಲಿಟ್ಟ ಕೂಡಲೇ ಊರಿನ ನೆನಪಾಗುತ್ತದೆ. ಆ ಪಡಸಾಲೆಯ ನೆಲದಲ್ಲಿ, ನಡೆದಾಡುವವರ ಕಾಲ ಕೆಳಗೇ, ಎಮ್ಮಿ ನೋಥರ್ ಅವರ ಚಿತಾಭಸ್ಮವಿದೆ. ಗುರುತಿಗೆ ಹೆಸರಿನ ಎರಡು ಮೊದಲಕ್ಷರಗಳು, ಹುಟ್ಟಿದ ಮತ್ತು ತೀರಿಕೊಂಡ ಎರಡು ಇಸವಿಗಳು. ಗೊತ್ತಿಲ್ಲದವರು ಅದನ್ನು ದಾಟಿಕೊಂಡು ಹೋಗುತ್ತಾರೆ. ಮೊದಲ ಸಲ ನಾನೂ ದಾಟಿಕೊಂಡೇ ಹೋಗಿದ್ದೆ.

ಕಳೆದ ತಿಂಗಳು ಮತ್ತೆ ಅಲ್ಲಿಗೆ ಹೋಗಲು ಕಾರಣ ನನ್ನ ಅಕ್ಕನ ಮಗಳು. ಮೈಸೂರಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿರುವ ಆಕೆಗೆ ಇಲ್ಲಿನ ಒಂದು ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪ್ರವೇಶದ ಪತ್ರ ಬಂದಿದೆ. ಪ್ರವೇಶವಿದೆ, ಆದರೆ ಮೊದಲ ವರ್ಷಕ್ಕೆ ವೇತನದ ಭರವಸೆಯಿಲ್ಲ. ಹೆಸರಿರುವ ಜಾಗ, ಒಂದು ವರ್ಷ ಸಾಲ ಮಾಡಿಯಾದರೂ ಬರಬಹುದೇ ಎಂದು ಆಕೆ ಕೇಳಿದ್ದಳು. ಎಮ್ಮಿ ನೋಥರ್ ಸಹ ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿಯಲಿಲ್ಲವೇ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದಳು. ಆ ಮಾತು ನನ್ನನ್ನು ಹಲವು ದಿನ ಕಾಡಿತು. ದುಡಿದದ್ದು ನಿಜ. ಆದರೆ ಹೇಗೆ ದುಡಿದರು, ಅದಕ್ಕೆ ಯಾರು ಬೆಲೆ ತೆತ್ತರು ಎಂಬುದನ್ನು ಪೂರ್ತಿಯಾಗಿ ಹೇಳದೆ ಆಕೆಗೆ ಉತ್ತರಿಸುವುದು ಸರಿಯಲ್ಲವೆನಿಸಿತು. ಆ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಪತ್ರಗಳನ್ನು ಕೈಯಲ್ಲಿ ಹಿಡಿದು ಕುಳಿತಿರುವ ಬೇರೆ ಮನೆಗಳಿಗೂ ಇದು ತಲುಪಲಿ.

ನೋಥರ್ ಹುಟ್ಟಿದ್ದು 1882ರ ಮಾರ್ಚ್ 23ರಂದು, ಜರ್ಮನಿಯ ಬವೇರಿಯಾ ಪ್ರಾಂತದ ಎರ್ಲಾಂಗೆನ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ. ಯಹೂದಿ ಕುಟುಂಬ. ತಂದೆ ಮ್ಯಾಕ್ಸ್ ನೋಥರ್ ಅಲ್ಲಿಯೇ ಗಣಿತದ ಪ್ರಾಧ್ಯಾಪಕರು. ಆ ಕಾಲದ ಮಧ್ಯಮವರ್ಗದ ಹೆಣ್ಣುಮಕ್ಕಳಂತೆ ಈಕೆಯೂ ಭಾಷೆ, ಸಂಗೀತ, ಮನೆಗೆಲಸ ಕಲಿತರು. 1900ರಲ್ಲಿ ಬಾಲಕಿಯರ ಶಾಲೆಗಳಲ್ಲಿ ಫ್ರೆಂಚ್ ಮತ್ತು ಇಂಗ್ಲಿಷ್ ಕಲಿಸುವ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಅಷ್ಟಕ್ಕೆ ನಿಂತಿದ್ದರೆ ಗೌರವದ ಉದ್ಯೋಗವೊಂದು ಸಿದ್ಧವಾಗಿತ್ತು. ಅದನ್ನು ಬಿಟ್ಟು ಅವರು ಗಣಿತದ ಕಡೆ ಹೊರಳಿದರು.

ಎರ್ಲಾಂಗೆನ್ ವಿಶ್ವವಿದ್ಯಾಲಯದಲ್ಲಿ ಆಗ ಹೆಂಗಸರು ವಿದ್ಯಾರ್ಥಿಗಳಾಗಿ ನೋಂದಾಯಿಸಿಕೊಳ್ಳುವಂತಿರಲಿಲ್ಲ. ಪ್ರತಿ ಪ್ರಾಧ್ಯಾಪಕರ ಅನುಮತಿ ಪಡೆದು ತರಗತಿಯಲ್ಲಿ ಕುಳಿತು ಕೇಳಬಹುದಿತ್ತು, ಅಷ್ಟೇ. 986 ವಿದ್ಯಾರ್ಥಿಗಳ ನಡುವೆ ಹಾಗೆ ಕುಳಿತ ಹೆಂಗಸರು ಇಬ್ಬರು. ಅವರಲ್ಲಿ ನೋಥರ್ ಒಬ್ಬರು. 1904ರಲ್ಲಿ ನಿಯಮ ಸಡಿಲವಾದ ಮೇಲೆ ಅಧಿಕೃತವಾಗಿ ದಾಖಲಾಗಿ, ತಂದೆಯ ಸಹೋದ್ಯೋಗಿ ಪಾಲ್ ಗೋರ್ಡನ್ ಅವರ ಮಾರ್ಗದರ್ಶನದಲ್ಲಿ 1907ರಲ್ಲಿ ಡಾಕ್ಟರೇಟ್ ಪಡೆದರು. ಅತ್ಯುಚ್ಚ ಶ್ರೇಣಿಯೇ ದೊರೆಯಿತು. ಮುನ್ನೂರಕ್ಕೂ ಹೆಚ್ಚು ಸೂತ್ರಗಳನ್ನು ಲೆಕ್ಕ ಹಾಕಿ ಪಟ್ಟಿ ಮಾಡಿದ್ದ ಆ ಪ್ರಬಂಧವನ್ನು ಮುಂದೆ ಅವರೇ ಕಸವೆಂದು ತಳ್ಳಿಹಾಕಿದರು.

1908ರಿಂದ 1915ರವರೆಗೆ ಎರ್ಲಾಂಗೆನ್‌ನಲ್ಲಿ ಅವರು ಹುದ್ದೆಯಿಲ್ಲದೆ, ಸಂಬಳವಿಲ್ಲದೆ ಸಂಶೋಧನೆ ಮಾಡಿದರು. ತಂದೆಗೆ ಆರೋಗ್ಯ ಕೈಕೊಟ್ಟಾಗ ಅವರ ತರಗತಿಗಳನ್ನು ತೆಗೆದುಕೊಂಡರು. ಈ ಏಳು ವರ್ಷಗಳನ್ನೇ ನನ್ನ ಅಕ್ಕನ ಮಗಳು ನೆನಪಿಸಿಕೊಂಡದ್ದು. ಆಕೆ ಮರೆತದ್ದೊಂದಿದೆ: ನೋಥರ್ ಅವರಿಗೆ ತಲೆಯ ಮೇಲೆ ತಂದೆಯ ಸೂರಿತ್ತು, ತಟ್ಟೆಯಲ್ಲಿ ತಾಯಿಯ ಅಡುಗೆಯಿತ್ತು, ಮನೆಯಿಂದ ತರಗತಿಗೆ ನಡೆದು ಹೋಗುವಷ್ಟು ದೂರ. ಬಾಡಿಗೆ, ವಿಮೆ, ಸಾಲದ ಕಂತು ಇರಲಿಲ್ಲ. ಕುಟುಂಬವೇ ಅವರಿಗೆ ವಿದ್ಯಾರ್ಥಿವೇತನವಾಗಿತ್ತು.

1915ರಲ್ಲಿ ಗಾಟಿಂಗೆನ್ ವಿಶ್ವವಿದ್ಯಾಲಯದ ಡೇವಿಡ್ ಹಿಲ್ಬರ್ಟ್ ಮತ್ತು ಫೆಲಿಕ್ಸ್ ಕ್ಲೈನ್ ಅವರನ್ನು ಕರೆಸಿಕೊಂಡರು. ಗಣಿತಲೋಕದ ಕಾಶಿ ಎನಿಸಿದ್ದ ಊರದು. ಐನ್‌ಸ್ಟೈನ್ ಅವರ ಹೊಸ ಗುರುತ್ವ ಸಿದ್ಧಾಂತದಲ್ಲಿ ಶಕ್ತಿ ಸಂರಕ್ಷಣೆಯ ನಿಯಮ ಹೇಗೆ ನಿಲ್ಲುತ್ತದೆ ಎಂಬ ತೊಡಕು ಆ ಇಬ್ಬರನ್ನೂ ಕಾಡುತ್ತಿತ್ತು. ಅದನ್ನು ಬಿಡಿಸಲು ಬೇಕಾದ ವಿದ್ಯೆ ನೋಥರ್ ಅವರಲ್ಲಿತ್ತು. ಅವರು ಹೊರಟ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡರು. ಊರು ಬಿಟ್ಟು ಬಂದವರಿಗೆ ಈ ಸಾಲಿನ ಮುಂದೆ ವಿವರಣೆ ಬೇಕಿಲ್ಲ.

ಗಾಟಿಂಗೆನ್‌ನಲ್ಲಿಯೂ ಬಾಗಿಲು ಪೂರ್ತಿ ತೆರೆಯಲಿಲ್ಲ. ಬೋಧನೆಯ ಅಧಿಕಾರಕ್ಕೆ ಅವರ ಹೆಸರು ಬಂದಾಗ ಅದೇ ವಿಭಾಗಕ್ಕೆ ಸೇರಿದ ಭಾಷೆ ಮತ್ತು ಇತಿಹಾಸದ ಪ್ರಾಧ್ಯಾಪಕರು ವಿರೋಧಿಸಿದರು. ಯುದ್ಧರಂಗದಿಂದ ಮರಳುವ ಯುವಕರು ಒಬ್ಬ ಹೆಂಗಸಿನ ಮುಂದೆ ಕುಳಿತು ಕಲಿಯಬೇಕೇ ಎಂಬುದು ಅವರ ಆಕ್ಷೇಪ. ಹಿಲ್ಬರ್ಟ್ ಸಿಟ್ಟಾದರೂ ನಿಯಮ ಬಾಗಲಿಲ್ಲ. ಕೊನೆಗೆ ಒಂದು ಉಪಾಯ ಹೂಡಿದರು: ಪ್ರಕಟಣಾ ಫಲಕದಲ್ಲಿ ಉಪನ್ಯಾಸಕರ ಹೆಸರು ಹಿಲ್ಬರ್ಟ್ ಎಂದಿರುತ್ತಿತ್ತು, ಸಹಾಯಕರಾಗಿ ನೋಥರ್. ಪಾಠ ಮಾಡುತ್ತಿದ್ದವರು ನೋಥರ್.

ಆ ದಿನಗಳಲ್ಲಿಯೇ ಭೌತಶಾಸ್ತ್ರದ ಪ್ರತಿಯೊಬ್ಬ ವಿದ್ಯಾರ್ಥಿಯೂ ಇಂದು ಓದುವ ನೋಥರ್ ಪ್ರಮೇಯ ಹುಟ್ಟಿತು. ನಿಸರ್ಗದ ನಿಯಮಗಳಲ್ಲಿ ಎಲ್ಲಿ ಒಂದು ನಿರಂತರ ಸಮಮಿತಿ ಇದೆಯೋ ಅಲ್ಲಿ ಬದಲಾಗದೆ ಉಳಿಯುವ ಒಂದು ಪರಿಮಾಣವೂ ಇರುತ್ತದೆ ಎಂಬುದು ಅದರ ಸಾರ. ನಿಯಮಗಳು ನಿನ್ನೆ, ಇಂದು, ನಾಳೆ ಒಂದೇ ಆಗಿರುವುದರಿಂದ ಶಕ್ತಿ ಸಂರಕ್ಷಿತವಾಗುತ್ತದೆ. ಇಲ್ಲಿ, ಅಲ್ಲಿ ಒಂದೇ ಆಗಿರುವುದರಿಂದ ಸಂವೇಗ. ಯಾವ ದಿಕ್ಕಿಗೆ ತಿರುಗಿದರೂ ಒಂದೇ ಆಗಿರುವುದರಿಂದ ಕೋನೀಯ ಸಂವೇಗ. 1918ರ ಜುಲೈ 26ರಂದು ಗಾಟಿಂಗೆನ್‌ನ ವಿಜ್ಞಾನ ಸಂಸ್ಥೆಯಲ್ಲಿ ಈ ಪ್ರಬಂಧವನ್ನು ಮಂಡಿಸಿದವರು ಕ್ಲೈನ್. ನೋಥರ್ ಆ ಸಂಸ್ಥೆಯ ಸದಸ್ಯೆಯಾಗಿರಲಿಲ್ಲ, ಮುಂದೆಯೂ ಆಗಲಿಲ್ಲ.

ಯುದ್ಧ ಮುಗಿದು, ಜರ್ಮನಿ ಗಣರಾಜ್ಯವಾಗಿ, ಹೆಂಗಸರಿಗೆ ಮತದಾನದ ಹಕ್ಕು ಬಂದ ಮೇಲೆ 1919ರಲ್ಲಿ ಅವರಿಗೆ ಬೋಧನೆಯ ಅಧಿಕಾರ ಸಿಕ್ಕಿತು. 1922ರಲ್ಲಿ ಪ್ರಾಧ್ಯಾಪಕಿ ಎಂಬ ಬಿರುದೂ ಬಂತು. ಅದು ಬಿರುದು ಮಾತ್ರ, ವೇತನವಿಲ್ಲ. ಮರುವರ್ಷ, ಜರ್ಮನಿಯ ಹಣ ಬೆಲೆ ಕಳೆದುಕೊಂಡು ಉಳಿತಾಯಗಳೆಲ್ಲ ಕರಗುತ್ತಿದ್ದಾಗ, ಬೀಜಗಣಿತ ಕಲಿಸಲು ಸಣ್ಣದೊಂದು ಸಂಭಾವನೆ ಮಂಜೂರಾಯಿತು. ಆಗ ಅವರ ವಯಸ್ಸು 41. ಡಾಕ್ಟರೇಟ್ ಪಡೆದು ಹದಿನೈದು ವರ್ಷ ಕಳೆದಿದ್ದವು.

ಸಾಮಾನ್ಯವಾಗಿ ಗಣಿತಜ್ಞರ ಶ್ರೇಷ್ಠ ಕಾರ್ಯ ಎಳೆಯ ವಯಸ್ಸಿನಲ್ಲಿಯೇ ಮುಗಿಯುತ್ತದೆಂಬ ನಂಬಿಕೆಯಿದೆ. ನೋಥರ್ ಅವರ ವಿಷಯದಲ್ಲಿ ಅದು ಸುಳ್ಳು. ಇಂದಿಗೂ ಬೀಜಗಣಿತದ ತಳಪಾಯವಾಗಿರುವ, ರಿಂಗ್‌ಗಳ ಐಡಿಯಲ್‌ಗಳನ್ನು ಕುರಿತ ಪ್ರಬಂಧ ಹೊರಬಂದದ್ದು 1921ರಲ್ಲಿ, ಅವರಿಗೆ 39 ತುಂಬಿದ ಮೇಲೆ. ಅದರಲ್ಲಿ ಅವರು ಮುಂದಿಟ್ಟ ಷರತ್ತನ್ನು ಪಾಲಿಸುವ ರಿಂಗ್‌ಗಳಿಗೆ ಜಗತ್ತಿನಾದ್ಯಂತ ಅವರದೇ ಹೆಸರು. ಮೈಸೂರಿನಲ್ಲಿ ನಾನು ಎಂ.ಎಸ್ಸಿ. ಓದುವಾಗ ನೋಥೇರಿಯನ್ ರಿಂಗ್ ಎಂಬ ಪದವನ್ನು ನೂರು ಬಾರಿ ಬರೆದಿದ್ದೆ. ಅದು ಒಬ್ಬ ವ್ಯಕ್ತಿಯ ಹೆಸರೆಂದಾಗಲಿ, ಆ ವ್ಯಕ್ತಿ ಹೆಂಗಸೆಂದಾಗಲಿ ಆಗ ಹೊಳೆದಿರಲಿಲ್ಲ.

ಬದುಕಿನ ಕೊನೆಯ ಘಟ್ಟದಲ್ಲಿ ಅವರು ಹಿಡಿದದ್ದು ಅಪರಿವರ್ತನೀಯ ಬೀಜಗಣಿತ. ಶಾಲೆಯಲ್ಲಿ ನಾವು ಕಲಿತ ಗುಣಾಕಾರದಲ್ಲಿ ಎರಡು ಮೂರಲ ಆರು, ಮೂರು ಎರಡಲ ಆರು. ಯಾವುದು ಮೊದಲು ಎಂಬುದು ಮುಖ್ಯವಲ್ಲ. ಆದರೆ ಎಲ್ಲ ಕ್ರಿಯೆಗಳೂ ಹಾಗಿರುವುದಿಲ್ಲ. ಓದುಗರು ಒಂದು ಪುಸ್ತಕವನ್ನು ಮುಖಪುಟ ಮೇಲಾಗಿ ಮೇಜಿನ ಮೇಲಿಡಿ. ಮೊದಲು ಅದನ್ನು ಗಡಿಯಾರದ ಮುಳ್ಳಿನಂತೆ ಕಾಲು ಸುತ್ತು ತಿರುಗಿಸಿ, ಆಮೇಲೆ ನಿಮ್ಮ ಕಡೆಗೆ ಪೂರ್ತಿ ಮಗುಚಿ. ಪುಸ್ತಕದ ಮೇಲಂಚು ನಿಮ್ಮ ಬಲಕ್ಕಿರುತ್ತದೆ. ಈಗ ಮತ್ತೆ ಮೊದಲಿನಂತೆಯೇ ಇಟ್ಟು, ಮೊದಲು ಮಗುಚಿ, ಆಮೇಲೆ ಕಾಲು ಸುತ್ತು ತಿರುಗಿಸಿ. ಮೇಲಂಚು ಎಡಕ್ಕಿರುತ್ತದೆ. ಅವೇ ಎರಡು ಕ್ರಿಯೆಗಳು; ಕ್ರಮ ಬದಲಾಯಿತು, ಫಲವೂ ಬದಲಾಯಿತು. ಇಂಥ ಗುಣಾಕಾರವುಳ್ಳ ಸಂಖ್ಯೆಗಳನ್ನು 1843ರಲ್ಲಿ ಡಬ್ಲಿನ್‌ನ ಹ್ಯಾಮಿಲ್ಟನ್ ಕಂಡುಹಿಡಿದಿದ್ದರು. ಅವುಗಳಂಥ ವ್ಯವಸ್ಥೆಗಳನ್ನು ಬಿಡಿಬಿಡಿಯಾಗಿ ಲೆಕ್ಕ ಮಾಡುವುದನ್ನು ಬಿಟ್ಟು, ಅವೆಲ್ಲವುಗಳ ಹಿಂದಿನ ರಚನೆಯನ್ನೇ ನೋಡಬೇಕೆಂಬುದು ನೋಥರ್ ತೋರಿಸಿದ ದಾರಿ. ಮುನ್ನೂರು ಸೂತ್ರಗಳ ಪಟ್ಟಿಯಿಂದ ಹೊರಟವರು ಸೂತ್ರಗಳೇ ಬೇಡವೆನ್ನುವ ಕಡೆಗೆ ನಡೆದಿದ್ದರು.

1929ರಲ್ಲಿ ಈ ವಿಷಯದ ಮೇಲಿನ ದೊಡ್ಡ ಪ್ರಬಂಧ, 1932ರಲ್ಲಿ ರಿಚರ್ಡ್ ಬ್ರೌವರ್ ಮತ್ತು ಹೆಲ್ಮುಟ್ ಹಾಸೆ ಅವರೊಡನೆ ಸಾಧಿಸಿದ ಪ್ರಮೇಯ, 1933ರಲ್ಲಿ ಅಪರಿವರ್ತನೀಯ ಬೀಜಗಣಿತವೆಂಬ ಹೆಸರಿನದೇ ಪ್ರಬಂಧ ಬಂದವು. ಸುತ್ತ ಶಿಷ್ಯರ ಗುಂಪೊಂದು ಬೆಳೆಯಿತು. ಹಾಲೆಂಡಿನಿಂದ ಬಂದ ವಾನ್ ಡೆರ್ ವಾರ್ಡೆನ್ ಇವರ ಮತ್ತು ಎಮಿಲ್ ಆರ್ಟಿನ್ ಅವರ ಪಾಠಗಳ ಆಧಾರದ ಮೇಲೆ ಬರೆದ ಪಠ್ಯ ಮುಂದೆ ಎಲ್ಲೆಡೆ ಬೀಜಗಣಿತ ಕಲಿಸುವ ರೀತಿಯನ್ನೇ ಬದಲಿಸಿತು. ಜಪಾನ್, ಚೀನಾಗಳಿಂದಲೂ ವಿದ್ಯಾರ್ಥಿಗಳು ಬಂದರು. 1928-29ರ ಚಳಿಗಾಲದಲ್ಲಿ ನೋಥರ್ ಮಾಸ್ಕೋದಲ್ಲಿ ಪಾಠ ಮಾಡಿ ಬಂದರು. 1932ರಲ್ಲಿ ಜ್ಯೂರಿಕ್‌ನ ಅಂತಾರಾಷ್ಟ್ರೀಯ ಗಣಿತ ಸಮ್ಮೇಳನದ ಪೂರ್ಣ ಸಭೆಯಲ್ಲಿ ಉಪನ್ಯಾಸ ನೀಡಿದ ಮೊದಲ ಮಹಿಳೆ ಅವರಾದರು. ಅದೇ ವರ್ಷ ಆರ್ಟಿನ್ ಅವರೊಡನೆ ಆಕರ್ಮನ್-ಟ್ಯೂಬ್ನರ್ ಬಹುಮಾನವೂ ಬಂತು. ಪೂರ್ಣಪ್ರಮಾಣದ ಪ್ರಾಧ್ಯಾಪಕ ಹುದ್ದೆ ಮಾತ್ರ ಬರಲಿಲ್ಲ.

ಜ್ಯೂರಿಕ್‌ನ ಚಪ್ಪಾಳೆಯಿಂದ ಏಳು ತಿಂಗಳು. 1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಏಪ್ರಿಲ್ 7ರಂದು ಯಹೂದಿಗಳನ್ನು ಸರ್ಕಾರಿ ಸೇವೆಯಿಂದ ಹೊರಹಾಕುವ ಕಾನೂನು ಬಂತು. ಏಪ್ರಿಲ್ ಕೊನೆಯ ವಾರದಲ್ಲಿ ಗಾಟಿಂಗೆನ್‌ನ ಮೊದಲ ಪಟ್ಟಿ ಹೊರಬಿತ್ತು. ನೋಥರ್ ಅವರ ಹೆಸರು ಅದರಲ್ಲಿತ್ತು. ತರಗತಿ ಮುಚ್ಚಿದಾಗ ಅವರು ವಿದ್ಯಾರ್ಥಿಗಳನ್ನು ತಮ್ಮ ಮನೆಗೇ ಕರೆದು ಪಾಠ ಮುಂದುವರಿಸಿದರು. ಅವರಲ್ಲೊಬ್ಬ ನಾತ್ಸಿ ಪಡೆಯ ಸಮವಸ್ತ್ರ ಧರಿಸಿಯೇ ಬಂದಾಗಲೂ ಬಾಗಿಲು ಹಾಕಲಿಲ್ಲವಂತೆ.

ಅದೇ ಪಟ್ಟಿಯಲ್ಲಿದ್ದ ಇನ್ನೊಂದು ಹೆಸರು ನಮ್ಮೂರಿಗೆ ಸಂಬಂಧಪಟ್ಟದ್ದು: ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಸಿ.ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935-36ರಲ್ಲಿ ಬಾರ್ನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಮಾರು ಆರು ತಿಂಗಳು ಇದ್ದರು. ಅವರನ್ನು ಅಲ್ಲಿಯೇ ಉಳಿಸಿಕೊಳ್ಳಬೇಕೆಂಬ ರಾಮನ್ ಅವರ ಪ್ರಯತ್ನ ಫಲಿಸಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು. ಗಾಟಿಂಗೆನ್‌ನಿಂದ ಚದುರಿದವರಲ್ಲಿ ಒಬ್ಬರಿಗೆ ಬೆಂಗಳೂರು ಕೆಲಕಾಲವಾದರೂ ಆಶ್ರಯವಾಗಿತ್ತು ಎಂಬುದನ್ನು ಇಲ್ಲಿನ ಸ್ನೇಹಿತರಿಗೆ ಹೇಳುವಾಗ ನನಗೆ ಹೆಮ್ಮೆಯೂ, ಉಳಿಸಿಕೊಳ್ಳಲಾಗಲಿಲ್ಲವಲ್ಲ ಎಂಬ ಖೇದವೂ ಆಗುತ್ತದೆ.

ನೋಥರ್ ಅವರಿಗೆ ಆಶ್ರಯ ಕೊಟ್ಟದ್ದು ಬ್ರಿನ್ ಮಾರ್. ಸ್ಥಾನ ಕಳೆದುಕೊಂಡ ಜರ್ಮನ್ ವಿದ್ವಾಂಸರ ನೆರವಿಗೆ ಇಲ್ಲಿ ರಚನೆಯಾಗಿದ್ದ ಸಮಿತಿ ಮತ್ತು ರಾಕ್‌ಫೆಲ್ಲರ್ ಪ್ರತಿಷ್ಠಾನ ವೆಚ್ಚ ವಹಿಸಿದವು. 1933ರ ಶರತ್ಕಾಲದಲ್ಲಿ, 51ನೆಯ ವಯಸ್ಸಿನಲ್ಲಿ, ಅವರು ಹಡಗಿನಿಂದಿಳಿದರು. ಗಣಿತ ವಿಭಾಗದ ಮುಖ್ಯಸ್ಥೆ ಆನಾ ಪೆಲ್ ವೀಲರ್ ತಾವೂ ಒಮ್ಮೆ ಗಾಟಿಂಗೆನ್‌ನಲ್ಲಿ ಓದಿದ್ದವರು. ಹೆಂಗಸರೇ ನಡೆಸುವ ಗಣಿತ ವಿಭಾಗವೊಂದರಲ್ಲಿ, ತಮ್ಮ ಮಾತನ್ನು ಬಲ್ಲ ಗೆಳತಿಯೊಬ್ಬರ ಜೊತೆ ನೋಥರ್ ಮೊದಲ ಬಾರಿಗೆ ಕೆಲಸ ಮಾಡಿದರು. ಓಲ್ಗಾ ಟೌಸ್ಕಿ, ರೂತ್ ಸ್ಟೌಫರ್, ಮೇರಿ ವೈಸ್, ಗ್ರೇಸ್ ಶೋವರ್ ಎಂಬ ನಾಲ್ವರು ಯುವತಿಯರು ಸುತ್ತ ಸೇರಿದರು. ಇಂಗ್ಲಿಷಿನಲ್ಲಿ ಪಾಠ ಮಾಡುತ್ತಾ ವಿಷಯದ ಬಿಸಿಯೇರಿದಾಗ ಜರ್ಮನ್‌ಗೆ ಜಾರುತ್ತಿದ್ದರು. ಶಿಷ್ಯೆಯರೊಡನೆ ದೂರದೂರ ನಡೆಯುತ್ತಾ ಗಣಿತ ಮಾತಾಡುತ್ತಿದ್ದರು. 1934ರಿಂದ ವಾರಕ್ಕೊಮ್ಮೆ ಪ್ರಿನ್ಸ್‌ಟನ್‌ನ ಉನ್ನತ ಅಧ್ಯಯನ ಸಂಸ್ಥೆಗೆ ರೈಲಿನಲ್ಲಿ ಹೋಗಿ ಉಪನ್ಯಾಸ ಕೊಟ್ಟು ಬರುತ್ತಿದ್ದರು.

1934ರ ಬೇಸಿಗೆಯಲ್ಲಿ ಅವರು ಜರ್ಮನಿಗೆ ಕೊನೆಯ ಸಲ ಹೋದರು. ತಮ್ಮ ಫ್ರಿಟ್ಸ್ ಸಹ ಗಣಿತಜ್ಞ. ಅವನಿಗೂ ಕೆಲಸ ಹೋಗಿತ್ತು. ಅವನು ಸೈಬೀರಿಯಾದ ಟಾಮ್ಸ್ಕ್ ನಗರಕ್ಕೆ ಹೊರಟನು. ಅಕ್ಕ ಗಾಟಿಂಗೆನ್‌ನ ಮನೆಯನ್ನು ಖಾಲಿ ಮಾಡಿ ಸಾಮಾನುಗಳನ್ನು ಅಮೆರಿಕಕ್ಕೆ ಸಾಗಿಸಿದರು. ಒಬ್ಬರು ಪೂರ್ವಕ್ಕೆ, ಒಬ್ಬರು ಪಶ್ಚಿಮಕ್ಕೆ. ಫ್ರಿಟ್ಸ್‌ನನ್ನು ಸೋವಿಯತ್ ಸರ್ಕಾರ 1937ರಲ್ಲಿ ಬಂಧಿಸಿ 1941ರಲ್ಲಿ ಗುಂಡಿಕ್ಕಿ ಕೊಂದಿತು. ಅದನ್ನು ಕೇಳಲು ಅಕ್ಕ ಇರಲಿಲ್ಲ. 1935ರ ಏಪ್ರಿಲ್‌ನಲ್ಲಿ ಗೆಡ್ಡೆಯೊಂದನ್ನು ತೆಗೆಯಲು ಅವರಿಗೆ ಶಸ್ತ್ರಚಿಕಿತ್ಸೆಯಾಯಿತು. ಚೇತರಿಸಿಕೊಳ್ಳುತ್ತಿದ್ದಾರೆಂದು ಎಲ್ಲರೂ ನಂಬಿರುವಾಗಲೇ, ಏಪ್ರಿಲ್ 14ರಂದು, ನೋಥರ್ ತೀರಿಕೊಂಡರು. ವಯಸ್ಸು 53. ಅಮೆರಿಕದಲ್ಲಿ ಅವರು ಕಳೆದದ್ದು ಎರಡು ವರ್ಷಕ್ಕೂ ಕಡಿಮೆ. ಇಲ್ಲಿಯೂ ಶಾಶ್ವತ ಹುದ್ದೆ ಕೈಗೆ ಬಂದಿರಲಿಲ್ಲ. ಹರ್ಮನ್ ವೈಲ್ ಬ್ರಿನ್ ಮಾರ್‌ನಲ್ಲಿ ಶ್ರದ್ಧಾಂಜಲಿ ಭಾಷಣ ಮಾಡಿದರು. ಐನ್‌ಸ್ಟೈನ್ ನ್ಯೂಯಾರ್ಕ್‌ನ ಪತ್ರಿಕೆಗೆ ಪತ್ರ ಬರೆದು ಅವರ ಹಿರಿಮೆಯನ್ನು ಸಾರಿದರು.

ನನ್ನ ಮಾತನ್ನೂ ಸ್ವಲ್ಪ ಹೇಳದಿದ್ದರೆ ಈ ಉತ್ತರ ಅಪೂರ್ಣ. ಮದುವೆಯ ನಂತರ ಅವಲಂಬಿತರ ವೀಸಾದಲ್ಲಿ ಇಲ್ಲಿಗೆ ಬಂದಾಗ ನಾನು ಊರಿನ ಕಾಲೇಜೊಂದರಲ್ಲಿ ಉಪನ್ಯಾಸಕಿಯ ಕೆಲಸ ಬಿಟ್ಟು ಬಂದಿದ್ದೆ. ಇಲ್ಲಿ ಎಂಟು ವರ್ಷ ಸಂಬಳಕ್ಕೆ ದುಡಿಯುವ ಅನುಮತಿ ಇರಲಿಲ್ಲ. ಶನಿವಾರಗಳಂದು ಊರಿನ ಗ್ರಂಥಾಲಯದಲ್ಲಿ ಮಕ್ಕಳಿಗೆ ಉಚಿತವಾಗಿ ಗಣಿತ ಹೇಳಿಕೊಟ್ಟೆ. ಆ ಮಕ್ಕಳನ್ನು ನಾನು ಪ್ರೀತಿಸಿದೆ, ನಿಜ. ಆದರೆ ತಿಂಗಳ ಕೊನೆಯಲ್ಲಿ ಊರಿಗೆ ನೂರು ಡಾಲರ್ ಕಳಿಸಬೇಕೆಂದರೂ ಗಂಡನ ಮುಖ ನೋಡಬೇಕಾಗಿತ್ತು. ಅವರು ಒಮ್ಮೆಯೂ ಇಲ್ಲವೆನ್ನಲಿಲ್ಲ. ಆದರೂ ಕೇಳುವುದು ಕೇಳುವುದೇ. ಫೋನಿನಲ್ಲಿ ಅಕ್ಕನಿಗೆ ಇದನ್ನು ನಾನು ಎಂದೂ ಹೇಳಲಿಲ್ಲ. ಸುಖವಾಗಿದ್ದೇನೆ ಎಂದೇ ಹೇಳಿದೆ. ಈಗ ಅನುಮತಿ ಬಂದು, ಇಲ್ಲಿನ ಕಾಲೇಜೊಂದರಲ್ಲಿ ಅರೆಕಾಲಿಕ ಬೋಧಕಿಯಾಗಿದ್ದೇನೆ. ಮೊದಲ ವೇತನದ ಚೀಟಿಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಆದ್ದರಿಂದ ಅಕ್ಕನ ಮಗಳಿಗೆ ನಾನು ಬರೆದದ್ದಿಷ್ಟು. ನೋಥರ್ ಅವರ ಬದುಕಿನಿಂದ ಗಣಿತದ ಮೇಲಿನ ನಿಷ್ಠೆಯನ್ನು ಕಲಿ. ಸಂಬಳವಿಲ್ಲದ ದುಡಿಮೆಯನ್ನು ಆದರ್ಶವೆಂದು ಕಲಿಯಬೇಡ. ಅದು ಅವರು ಆಯ್ದುಕೊಂಡದ್ದಲ್ಲ, ಅವರ ಮೇಲೆ ಹೇರಿದ್ದು. ಮನೆಯಲ್ಲಿ ಆಸರೆಯಿದ್ದುದರಿಂದ ಅವರು ಉಳಿದರು. ಹಾಗೆ ಆಸರೆಯಿಲ್ಲದೆ ಗಣಿತ ಬಿಟ್ಟುಹೋದವರ ಹೆಸರು ಯಾವ ರಿಂಗಿಗೂ ಇಲ್ಲ. ಇಲ್ಲಿ ಗಣಿತದ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಬೋಧನಾ ಸಹಾಯಕರ ಕೆಲಸ ಕೊಟ್ಟು, ಶುಲ್ಕ ಮನ್ನಾ ಮಾಡಿ, ವೇತನ ನೀಡುವುದು ಸಾಮಾನ್ಯ ಪದ್ಧತಿ. ಅದನ್ನು ಕೇಳುವುದು ದುರಾಸೆಯಲ್ಲ. ವಿಭಾಗಕ್ಕೆ ಪತ್ರ ಬರೆದು ಕೇಳು: ವೇತನ ವರ್ಷಕ್ಕೆ ಎಷ್ಟು ತಿಂಗಳು, ಎಷ್ಟು ವರ್ಷಗಳವರೆಗೆ, ಆರೋಗ್ಯ ವಿಮೆ ಸೇರಿದೆಯೇ, ಬೇಸಿಗೆಯಲ್ಲಿ ಏನು. ಉತ್ತರ ಬರಹದಲ್ಲಿ ಬರಲಿ. ವಿದ್ಯಾರ್ಥಿ ವೀಸಾದಲ್ಲಿ ಹೊರಗೆ ಎಲ್ಲೆಂದರಲ್ಲಿ ದುಡಿದು ಸಾಲ ತೀರಿಸಲು ಕಾನೂನು ಬಿಡುವುದಿಲ್ಲವೆಂಬುದನ್ನು ಮರೆಯಬೇಡ. ಮೊದಲು ವೇತನದ ಪತ್ರ, ಆಮೇಲೆ ವಿಮಾನದ ಟಿಕೆಟ್. ಪುಸ್ತಕದ ಉದಾಹರಣೆಯನ್ನು ನೆನೆದುಕೋ. ಇಲ್ಲಿ ಕ್ರಮ ಬದಲಾದರೆ ಫಲ ಬೇರೆಯಾಗುತ್ತದೆ.

ಆಕೆ ವಿಭಾಗಕ್ಕೆ ಪತ್ರ ಬರೆದಿದ್ದಾಳೆ; ಉತ್ತರ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಬೇರೆ ಎರಡು ಕಡೆ ಅರ್ಜಿ ಹಾಕುತ್ತಿದ್ದಾಳೆ, ಅದರಲ್ಲೊಂದು ಬೆಂಗಳೂರಿನಲ್ಲಿಯೇ. ಅಕ್ಕನೂ ಈ ಅಂಕಣವನ್ನು ಓದುತ್ತಾಳೆ. ಎಂಟು ವರ್ಷ ಫೋನಿನಲ್ಲಿ ಹೇಳದೇ ಉಳಿದದ್ದನ್ನು ಇಲ್ಲಿ ಓದಿ ಅವಳು ಬೇಸರಿಸಿಕೊಳ್ಳಬಹುದು. ಈ ಭಾನುವಾರ ಅವಳಿಗೆ ಕರೆ ಮಾಡುತ್ತೇನೆ.